ತಲೆಯಿಲ್ಲದ ಮದುಮಗಳು ಮತ್ತು ಮಂಡಿನೋವಿರುವ ದೆವ್ವ

ಯೆಲ್ಲೊಸ್ಟೋನ್‌ಗೆ ಹೋದವರು ಸಾಮಾನ್ಯವಾಗಿ ಬಿಸಿನೀರಿನ ಬುಗ್ಗೆಯ ಫೋಟೋ ತರುತ್ತಾರೆ. ನಾನು ಫೋಟೋ ಜೊತೆಗೆ ಒಂದು ದೆವ್ವದ ಕಥೆಯನ್ನೂ ತಂದೆ. ಅದು ನನ್ನನ್ನು ಇಷ್ಟು ದಿನ ಕಾಡುತ್ತೆ ಅಂತ ಆಗ ಗೊತ್ತಿರಲಿಲ್ಲ.

ಆಫೀಸಿನ ಕೆಲಸದ ಮೇಲೆ ಸಿಯಾಟಲ್‌ನಲ್ಲಿದ್ದ ವರ್ಷ, ಸೆಪ್ಟೆಂಬರ್‌ನಲ್ಲಿ, ನಾವು ನಾಲ್ಕು ಜನ ಗೆಳೆಯರು ಕಾರು ಬಾಡಿಗೆಗೆ ಹಿಡಿದು ಹೊರಟೆವು. ಪಾರ್ಕಿನೊಳಗೆ ಓಲ್ಡ್ ಫೇತ್‌ಫುಲ್ ಇನ್ ಅಂತ ಒಂದು ಹಳೇ ಹೋಟೆಲ್ ಇದೆ. 1903-04ರಲ್ಲಿ ದೊಡ್ಡ ದೊಡ್ಡ ಮರದ ದಿಮ್ಮಿಗಳಿಂದ ಕಟ್ಟಿದ್ದು. ರೂಮಿನ ಬಾಡಿಗೆ ನಮ್ಮ ಕೈಗೆಟುಕುವಂಥದ್ದಲ್ಲ, ಆದರೆ ಲಾಬಿಯಲ್ಲಿ ಕೂತರೆ ಯಾರೂ ದುಡ್ಡು ಕೇಳಲ್ಲ. ತಲೆ ಎತ್ತಿದರೆ ಸೂರಿನ ಹತ್ತಿರ ಒಂದು ಪುಟ್ಟ ಅಟ್ಟ ಕಾಣುತ್ತೆ. ಅದಕ್ಕೆ ಅವರು ಕಾಗೆಗೂಡು ಅಂತಾರೆ. ಹಿಂದೆ ಸಂಗೀತಗಾರರು ಅಲ್ಲಿ ಕೂತು ನುಡಿಸುತ್ತಿದ್ದರಂತೆ. 1959ರ ಭೂಕಂಪದ ನಂತರ ಅತಿಥಿಗಳನ್ನು ಅಲ್ಲಿಗೆ ಬಿಡುವುದಿಲ್ಲ.

ಕಥೆ ಹೀಗಿದೆ. 1915ರಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ಅಲ್ಲಿಗೆ ಮಧುಚಂದ್ರಕ್ಕೆ ಬಂತು. ಹುಡುಗಿ ನ್ಯೂಯಾರ್ಕಿನ ಶ್ರೀಮಂತರ ಮನೆಯವಳು. ಗಂಡ ಅವಳ ದುಡ್ಡನ್ನೆಲ್ಲ ಜೂಜಿನಲ್ಲಿ ಕಳೆದ. ಜಗಳವಾಯಿತು, ಅವನು ಹೊರಟುಹೋದ. ಬಾಗಿಲು ತೆಗೆದು ನೋಡಿದರೆ ಸ್ನಾನದ ತೊಟ್ಟಿಯಲ್ಲಿ ಅವಳ ಹೆಣ, ತಲೆಯೇ ಇಲ್ಲ! ಕೆಲವು ದಿನಗಳ ಮೇಲೆ ತಲೆ ಸಿಕ್ಕಿದ್ದು ಆ ಕಾಗೆಗೂಡಿನಲ್ಲಿ. ಇವತ್ತಿಗೂ ಮಧ್ಯರಾತ್ರಿ ಬಿಳಿ ಬಟ್ಟೆಯ ಮದುಮಗಳು ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದು ಬರುತ್ತಾಳೆ.

ಸಖತ್ ಕಥೆ ಅಲ್ವಾ? ಪೂರ್ತಿ ಸುಳ್ಳು. ಇದನ್ನು ಕಟ್ಟಿದ್ದು ತಾನೇ ಅಂತ ಅದೇ ಹೋಟೆಲಿನಲ್ಲಿ ಕೆಲಸ ಮಾಡಿದ ಮ್ಯಾನೇಜರ್ ಒಬ್ಬರು ಆಮೇಲೆ ಒಪ್ಪಿಕೊಂಡಿದ್ದಾರೆ. ಕಥೆ ಮಾತ್ರ ನಿಂತಿಲ್ಲ. ನಿಲ್ಲಬೇಕಾಗೂ ಇಲ್ಲ ಅನ್ನಿ. ಆ ಮದುಮಗಳು ಹುಟ್ಟಿಯೇ ಇರಲಿಲ್ಲ, ಹಾಗಾಗಿ ಅವಳ ತಲೆ ಹೋದರೆ ಯಾರ ಗಂಟು ಏನು ಹೋಯಿತು?

ಆ ಕಾಡಿಗೆ ಇಂಥ ಕಥೆಗಳು ಹೊಸದೇನಲ್ಲ. ಜಿಮ್ ಬ್ರಿಜರ್ ಅನ್ನೋ ಬೇಟೆಗಾರ ಹತ್ತೊಂಬತ್ತನೇ ಶತಮಾನದಲ್ಲೇ, ಅಲ್ಲಿ ಕಲ್ಲಾದ ಮರಗಳ ಮೇಲೆ ಕಲ್ಲಾದ ಹಕ್ಕಿಗಳು ಕೂತು ಕಲ್ಲಾದ ಹಾಡು ಹಾಡುತ್ತವೆ ಅಂತ ಬುರುಡೆ ಬಿಡುತ್ತಿದ್ದನಂತೆ. ಯೆಲ್ಲೊಸ್ಟೋನ್ ಸರೋವರದ ಮೇಲೆ ಬೆಳಗಿನ ಹೊತ್ತು ಆಕಾಶದಲ್ಲಿ ಏನೋ ನರಳಿದಂತೆ, ತಂತಿ ಮಿಡಿದಂತೆ ಸದ್ದು ಕೇಳುತ್ತದೆ ಅಂತ 1800ರ ದಶಕಗಳ ವಿಜ್ಞಾನಿಗಳೂ ಬರೆದಿಟ್ಟಿದ್ದಾರೆ. ಇವೆಲ್ಲ ಯಾರಿಗೂ ನೋವಾಗದ ಕಥೆಗಳು. ಚಳಿಗಾಲದ ರಾತ್ರಿ ಬೆಂಕಿ ಮುಂದೆ ಕೂತು ಹೇಳೋಕೆ ಚೆನ್ನ.

ನನ್ನ ತಕರಾರು ಇರುವುದು ಇನ್ನೊಂದು ಕಥೆಯ ಬಗ್ಗೆ. ಅದು ದೆವ್ವದ ಕಥೆ ಅಂತ ಮೇಲ್ನೋಟಕ್ಕೆ ಗೊತ್ತೂ ಆಗುವುದಿಲ್ಲ. ಅದು ಇಷ್ಟೇ: "ಇಂಡಿಯನ್ನರು ಈ ಬುಗ್ಗೆಗಳಿಗೆ ಹೆದರುತ್ತಿದ್ದರು. ಕುದಿಯುವ ನೀರಿನಲ್ಲಿ ದುಷ್ಟಶಕ್ತಿ ಇದೆ ಅಂತ ಈ ಕಡೆ ತಲೆ ಹಾಕುತ್ತಿರಲಿಲ್ಲ." ಬಹಳ ವರ್ಷ ಇದನ್ನು ಪುಸ್ತಕಗಳಲ್ಲಿ ಬರೆದರು, ಪ್ರವಾಸಿಗರಿಗೆ ಹೇಳಿದರು. ಈ ಕಥೆಯನ್ನು ಹರಡಿದವರಲ್ಲಿ ಮುಖ್ಯನಾದವನು ಫಿಲೆಟಸ್ ನಾರಿಸ್. 1877ರಿಂದ 1882ರವರೆಗೆ ಪಾರ್ಕಿನ ಸೂಪರಿಂಟೆಂಡೆಂಟ್ ಆಗಿದ್ದವನು.

ನೆಲ ಬೇರೆಯೇ ಸಾಕ್ಷಿ ಹೇಳುತ್ತೆ. ಪಾರ್ಕಿನಲ್ಲಿ ಆಬ್ಸಿಡಿಯನ್ ಕ್ಲಿಫ್ ಅಂತ ಕಪ್ಪು ಗಾಜಿನಂಥ ಕಲ್ಲಿನ ಬೆಟ್ಟವಿದೆ. ಸುಮಾರು 11,000 ವರ್ಷಗಳಿಂದ ಜನ ಅಲ್ಲಿಂದ ಕಲ್ಲು ತೆಗೆದು ಚಾಕು, ಬಾಣದ ಮೊನೆ ಮಾಡಿಕೊಂಡಿದ್ದಾರೆ. ಆ ಕಲ್ಲು ಎರಡು ಸಾವಿರ ಕಿಲೋಮೀಟರಿಗೂ ಆಚೆಯ ಒಹಾಯೊದ ಪ್ರಾಚೀನ ಮಣ್ಣಿನ ದಿಬ್ಬಗಳಲ್ಲಿ ಸಿಕ್ಕಿದೆ. ಶೋಶೋನಿಗಳ ಒಂದು ಗುಂಪಾದ ಟುಕುಡಿಕಾ ಜನ ಈ ಬೆಟ್ಟಗಳಲ್ಲೇ ಬದುಕಿದ್ದರು. ಕಾಡುಕುರಿಯ ಕೊಂಬನ್ನು ಕಾಯಿಸಿ ಮೆದು ಮಾಡಿ, ಬಾಗಿಸಿ, ಅದರಲ್ಲಿ ಬಿಲ್ಲು ಮಾಡುವುದರಲ್ಲಿ ಅವರು ನಿಪುಣರು. ಇವತ್ತು 27 ಬುಡಕಟ್ಟುಗಳಿಗೆ ಈ ನೆಲದೊಂದಿಗೆ ಸಂಬಂಧವಿದೆ ಅಂತ ಪಾರ್ಕಿನವರೇ ಒಪ್ಪುತ್ತಾರೆ.

ಹಾಗಾದರೆ ಹೆದರಿಕೆಯ ಕಥೆ ಯಾಕೆ ಬೇಕಾಯಿತು? ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಧ್ಯಕ್ಷ ಗ್ರಾಂಟ್ ಸಹಿ ಹಾಕಿ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವಾಗಿ ಯೆಲ್ಲೊಸ್ಟೋನ್ ಹುಟ್ಟಿದ್ದು 1872ರ ಮಾರ್ಚ್ 1ರಂದು. ಐದೇ ವರ್ಷಕ್ಕೆ, 1877ರ ಆಗಸ್ಟಿನಲ್ಲಿ, ಸೇನೆಯಿಂದ ತಪ್ಪಿಸಿಕೊಂಡು ಓಡುತ್ತಿದ್ದ ನೆಜ್ ಪರ್ಸ್ ಬುಡಕಟ್ಟಿನ ಸುಮಾರು 800 ಜನ, ಮಕ್ಕಳು ಮರಿ ಕುದುರೆಗಳ ಸಮೇತ, ಈ ಪಾರ್ಕಿನ ನಡುವೆಯೇ ಹಾದುಹೋದರು. ಕೆಲವು ಪ್ರವಾಸಿಗರನ್ನು ಹಿಡಿದರು, ಇಬ್ಬರು ಪ್ರವಾಸಿಗರು ಸತ್ತರು. ಪೇಪರುಗಳಲ್ಲಿ ಗದ್ದಲವೋ ಗದ್ದಲ. ಹೀಗಾದರೆ ಪಾರ್ಕಿಗೆ ಯಾರು ಬರುತ್ತಾರೆ? "ಇಂಡಿಯನ್ನರಾ? ಅವರಿಗೆ ಇಲ್ಲಿಗೆ ಬರೋಕೇ ಭಯ" ಅನ್ನೋ ಮಾತು ಪ್ರವಾಸಿಗರಿಗೂ ಧೈರ್ಯ ಕೊಡುತ್ತಿತ್ತು, ನೆಲದ ಮೇಲಿನ ಹಕ್ಕಿನ ಪ್ರಶ್ನೆಯನ್ನೂ ಮುಗಿಸುತ್ತಿತ್ತು. ತಮಾಷೆ ಅಂದರೆ, ಇದೇ ನಾರಿಸ್ 1880ರಲ್ಲಿ ಬುಡಕಟ್ಟುಗಳ ಹತ್ತಿರ ಹೋಗಿ, ಪಾರ್ಕಿಗೆ ಬರುವುದಿಲ್ಲ ಅಂತ ಅವರಿಂದ ಮಾತು ತೆಗೆದುಕೊಳ್ಳಲು ಓಡಾಡಿದ. ಹೆದರಿ ಬಾರದೇ ಇರುವವರಿಂದ ಬರಲ್ಲ ಅಂತ ಯಾಕೆ ಮಾತು ತೆಗೆದುಕೊಳ್ಳಬೇಕು, ಹೇಳಿ?

ಅಷ್ಟು ಹೊತ್ತಿಗೆ ಟುಕುಡಿಕಾ ಜನರನ್ನು ಬೆಟ್ಟದಿಂದಿಳಿಸಿ ರಿಸರ್ವೇಶನ್‌ಗಳಿಗೆ ಸೇರಿಸಿಯಾಗಿತ್ತು. ಜಾಗ ಖಾಲಿಯಾದ ಮೇಲೆ ನಿಜವಾದ ದೆವ್ವದ ಕಥೆಗಳು ಬಂದವು. 1896ರಲ್ಲಿ ಪ್ರಕಟವಾದ ಚಾರ್ಲ್ಸ್ ಸ್ಕಿನ್ನರ್ ಎಂಬಾತನ ದಂತಕಥೆಗಳ ಸಂಗ್ರಹದಲ್ಲಿ ಒಂದು ಯೆಲ್ಲೊಸ್ಟೋನ್ ಕಥೆಯಿದೆ. ಕ್ರೋ ಬುಡಕಟ್ಟಿನ ಒಂದು ಗುಂಪು ಸೈನಿಕರಿಗೆ ಸಿಕ್ಕಿಬೀಳುವ ಬದಲು ತೆಪ್ಪ ಕಟ್ಟಿಕೊಂಡು, ಹಾಡು ಹೇಳುತ್ತಾ, ಜಲಪಾತದಿಂದ ಕೆಳಗೆ ಬಿದ್ದು ಸತ್ತಿತು ಅಂತ. ಓದುವವರು ಕಣ್ಣೊರೆಸಿಕೊಳ್ಳಬೇಕು, ಹಾಗಿದೆ. ಆದರೆ ಅದೇ ವರ್ಷ ಕ್ರೋ ಜನ ಪಕ್ಕದ ಮೊಂಟಾನಾದ ರಿಸರ್ವೇಶನ್‌ನಲ್ಲಿ ಬದುಕಿದ್ದರು. ಇವತ್ತೂ ಅಲ್ಲೇ ಇದ್ದಾರೆ.

ಈ ಪಾರ್ಕಿನ ಹುಟ್ಟಿಗೂ ಒಂದು ಸುಂದರ ಕಥೆ ಇದೆ. 1870ರ ಸೆಪ್ಟೆಂಬರ್ 19ರ ರಾತ್ರಿ ಅನ್ವೇಷಕರ ತಂಡವೊಂದು ಬೆಂಕಿ ಸುತ್ತ ಕೂತು, ಈ ಜಾಗ ಯಾರ ಸ್ವಂತದ್ದೂ ಆಗಬಾರದು, ಎಲ್ಲರಿಗೂ ಸೇರಲಿ ಅಂತ ತೀರ್ಮಾನಿಸಿತಂತೆ. ಆ ತಂಡದ ಲ್ಯಾಂಗ್‌ಫರ್ಡ್ ಇದನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ್ದು 35 ವರ್ಷಗಳ ನಂತರ, 1905ರಲ್ಲಿ. ಆ ಕಾಲದ ದಿನಚರಿಗಳಲ್ಲಿ ಇದಕ್ಕೆ ಸರಿಯಾದ ಆಧಾರವಿಲ್ಲ ಅಂತ ಪಾರ್ಕಿನ ಇತಿಹಾಸಕಾರರೇ ಹೇಳಿದ್ದಾರೆ. ಪ್ರವಾಸಿಗರನ್ನು ಎದುರು ನೋಡುತ್ತಿದ್ದ ರೈಲ್ವೆ ಕಂಪನಿಯ ಕೈಯೂ ಪಾರ್ಕಿನ ಹಿಂದೆ ಇತ್ತು. ಆ ತಂಡದ ಜೊತೆಗಿದ್ದ ಸೈನಿಕರ ಮುಖ್ಯಸ್ಥ ಲೆಫ್ಟಿನೆಂಟ್ ಡೋನ್. ಎಂಟು ತಿಂಗಳ ಹಿಂದೆ, 1870ರ ಜನವರಿ 23ರಂದು, ಮೊಂಟಾನಾದ ಮರಾಯಸ್ ನದಿ ದಂಡೆಯಲ್ಲಿ ಪೀಗನ್ ಜನರ ಹಟ್ಟಿಯ ಮೇಲೆ ನಡೆದ ದಾಳಿಯಲ್ಲಿ ಅವನಿದ್ದ. ಅಲ್ಲಿ ಕನಿಷ್ಠ 173 ಜನ ಸತ್ತರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಅವನ ಹೆಸರಿನ ಒಂದು ಪರ್ವತವೂ ಪಾರ್ಕಿನಲ್ಲಿತ್ತು. 2022ರಲ್ಲಿ ಅದಕ್ಕೆ ಫಸ್ಟ್ ಪೀಪಲ್ಸ್ ಮೌಂಟನ್, ಅಂದರೆ ಮೊದಲ ಜನರ ಬೆಟ್ಟ, ಅಂತ ಹೆಸರು ಬದಲಿಸಿದರು.

ಹಾಗಂತ ಪಾರ್ಕೇ ಬೇಡವಾಗಿತ್ತು ಅಂತ ನಾನು ಹೇಳುತ್ತಿಲ್ಲ. 1902ರಲ್ಲಿ ಅಲ್ಲಿ ಉಳಿದಿದ್ದ ಕಾಡು ಬೈಸನ್‌ಗಳು ಎರಡು ಡಜನ್ ಕೂಡ ಇರಲಿಲ್ಲ. ಇವತ್ತು ಸಾವಿರಾರು ಇವೆ. ಒಂದು ನಮ್ಮ ಕಾರಿಗೆ ಅಡ್ಡ ನಿಂತು ಮುಕ್ಕಾಲು ಗಂಟೆ ಕಾಯಿಸಿತು, ನಾನು ಆ ಮುಕ್ಕಾಲು ಗಂಟೆ ಮಗುವಿನ ಥರ ಖುಷಿಪಟ್ಟೆ. ಕಾಡು ಉಳಿಯಿತಲ್ಲ, ಹಳೇ ಕಥೆ ಕೆದಕಿ ಏನು ಪ್ರಯೋಜನ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ, ಅದೇ ಕೆಲಸ ನಾನೇ ಮಾಡಿದ್ದೇನೆ ಅಂತ ಗೊತ್ತಾಗುವವರೆಗೆ.

ನಮ್ಮೂರು ಹುಣಸೂರಿನ ಕಡೆ. ನಾಗರಹೊಳೆ ದೂರವಲ್ಲ. ಜನರಿಲ್ಲದ ಕಾಡೇ ಶುದ್ಧ ಕಾಡು ಅನ್ನೋ ಯೆಲ್ಲೊಸ್ಟೋನ್ ಕಲ್ಪನೆ ಪ್ರಪಂಚವೆಲ್ಲ ಸುತ್ತಿ ನಮ್ಮಲ್ಲಿಗೂ ಬಂತು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿದ್ದು 1972ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ. ನಾಗರಹೊಳೆಯ ಒಳಗಿದ್ದ ಜೇನುಕುರುಬರ ಎಷ್ಟೋ ಹಾಡಿಗಳು ಕಾಡಿನಾಚೆ ಬಂದವು. ಅಮೆರಿಕಕ್ಕೆ ಹೋಗುವ ಮೊದಲು ಒಮ್ಮೆ ಟೀಮ್ ಔಟಿಂಗ್ ಅಂತ ಆಫೀಸಿನವರನ್ನು ಆ ಕಡೆ ಕರೆದುಕೊಂಡು ಹೋಗಿದ್ದೆ. ರಾತ್ರಿ ಬೆಂಕಿ ಹಾಕಿ ಕೂತಾಗ ಲೋಕಲ್ ಹುಡುಗ ಅಂತ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಶುರು ಮಾಡಿದೆ: "ಅಲ್ಲಿ ಒಳಗೆ ಒಂದು ಹಾಡಿ ಇತ್ತು. ಈಗ ಯಾರೂ ಇಲ್ಲ. ಆದರೆ ಅಮಾವಾಸ್ಯೆ ರಾತ್ರಿ ಒಂದು ಹೆಂಗಸು ಅಳೋದು ಕೇಳುತ್ತೆ, ಮನೆ ಹುಡುಕುತ್ತಾ..." ಅಷ್ಟೂ ನನ್ನದೇ ಸೃಷ್ಟಿ. ಭಾರೀ ಹಿಟ್ ಆಯಿತು. ಒಬ್ಬಳು ಕಲೀಗ್ ಅತ್ತೇಬಿಟ್ಟಳು.

ಯೆಲ್ಲೊಸ್ಟೋನ್‌ನಿಂದ ಬಂದ ಮೇಲೆ ಊರಿಗೆ ಹೋದಾಗ, ನಮ್ಮ ತೋಟದ ಕೆಲಸಕ್ಕೆ ಬರುವ ಒಬ್ಬ ಹಿರಿಯರಿಗೆ ಈ ಕಥೆ ಹೇಳಿದೆ. ಅವರು ಜೇನುಕುರುಬರು, ನಾನು ಚಿಕ್ಕಂದಿನಿಂದ ತಾತ ಅಂತಲೇ ಕರೆಯೋದು. ನಗುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ, "ಯಾವ ಹಾಡಿ?"

ನಾನು ಸುಮ್ಮನೆ ಯಾವುದೋ ದಿಕ್ಕು ಹೇಳಿದೆ.

"ಅಲ್ಲಿ ನಮ್ಮಕ್ಕನ ಮನೆ ಇತ್ತು ಕಣಪ್ಪಾ. ಈಗ ಕಾಲೋನೀಲಿ ಅವಳೆ. ಮಂಡಿನೋವು, ನಡೆಯಕ್ಕೆ ಆಗಲ್ಲ. ದೇವರ ತಾವು ಹೋಗ್ಬೇಕು ಅಂತ ಒಂದೇ ಸಮ ಹೇಳ್ತಾಳೆ."

ಇಷ್ಟು ಹೇಳಿ ಅವರು ಕೆಲಸಕ್ಕೆ ಹೋದರು. ಬೈಯಲಿಲ್ಲ, ಬೇಜಾರೂ ಮಾಡಿಕೊಂಡಂತೆ ಕಾಣಲಿಲ್ಲ. ನನಗೆ ಮಾತ್ರ ಮುಖ ಎತ್ತಲಾಗಲಿಲ್ಲ.

ನಾನು ಕೆಟ್ಟ ಉದ್ದೇಶದಿಂದ ಏನೂ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಕಥೆಯಲ್ಲಿ ಆ ಜನರ ಬಗ್ಗೆ ಕನಿಕರವೇ ಇತ್ತು. ತೊಂದರೆ ಇರುವುದೂ ಅಲ್ಲೇ. ಸತ್ತವರಿಗಾಗಿ ಮರುಗುವುದು ಬಹಳ ಸುಲಭ. ಅವರಿಗೆ ಔಷಧ ಬೇಡ, ಹಕ್ಕುಪತ್ರ ಬೇಡ, ದೇವರ ಜಾಗಕ್ಕೆ ಹೋಗಲು ಅನುಮತಿ ಬೇಡ. ಎರಡು ಹನಿ ಕಣ್ಣೀರು ಹಾಕಿದರೆ ಲೆಕ್ಕ ಚುಕ್ತಾ. ಬದುಕಿರುವವರನ್ನು ದೆವ್ವ ಮಾಡಿದಾಗ ನಾವು ಅವರಿಗೆ ಕೊಡಬೇಕಾದ ಬಾಕಿಯನ್ನು ಅಳುವಿನಲ್ಲೇ ತೀರಿಸಿ ಎದ್ದು ಬರುತ್ತೇವೆ. ಸ್ಕಿನ್ನರ್ ಮಾಡಿದ್ದು ಅದು. ಬೆಂಕಿ ಮುಂದೆ ಕೂತು ನಾನು ಮಾಡಿದ್ದೂ ಅದೇ. ಅವನಿಗೂ ನನಗೂ ವ್ಯತ್ಯಾಸ ಇಷ್ಟೇ: ನನ್ನ ಕಥೆಯ ದೆವ್ವದ ತಮ್ಮ ನಮ್ಮ ಮನೆಯ ಹಿತ್ತಲಲ್ಲೇ ಕೆಲಸ ಮಾಡುತ್ತಿದ್ದರು, ನಾನು ಒಂದು ಸಲ ಕೇಳಬಹುದಿತ್ತು.

ಹಾಗಾಗಿ ಈಗ ನಾನೊಂದು ಸಣ್ಣ ನಿಯಮ ಇಟ್ಟುಕೊಂಡಿದ್ದೇನೆ. ಯಾವುದೇ ಜಾಗದ ಕಥೆ ಹೇಳುವ ಮೊದಲು, ಈ ಕಥೆಯಲ್ಲಿ ಇಲ್ಲವಾದವರು ಎದುರಿಗೆ ಬಂದು ಕೂತರೂ ಇದನ್ನು ಹೀಗೇ ಹೇಳಬಲ್ಲೆನಾ ಅಂತ ಕೇಳಿಕೊಳ್ಳುತ್ತೇನೆ. ತಲೆಯಿಲ್ಲದ ಮದುಮಗಳು ಈ ಪರೀಕ್ಷೆಯಲ್ಲಿ ಆರಾಮಾಗಿ ಪಾಸು. ಬ್ರಿಜರನ ಕಲ್ಲಿನ ಹಕ್ಕಿಯೂ ಪಾಸು. ಬುಗ್ಗೆಗೆ ಹೆದರಿದ ಇಂಡಿಯನ್ನರು ಫೇಲು. ನನ್ನ ಅಮಾವಾಸ್ಯೆಯ ಹೆಂಗಸಂತೂ ಫೇಲೇ.

ಮುಂದಿನ ಸಲ ಟೀಮ್ ಔಟಿಂಗ್‌ನಲ್ಲಿ ಯಾರಾದರೂ ಕಥೆ ಕೇಳಿದರೆ ಮಂಡಿನೋವಿನ ಅಜ್ಜಿಯ ಕಥೆ ಹೇಳುತ್ತೇನೆ. ಯಾರೂ ಬೆಚ್ಚಿಬೀಳಲ್ಲ, ಬಹುಶಃ ಯಾರೂ ಅಳುವುದೂ ಇಲ್ಲ. ಆಕೆ ದೇವರ ಹತ್ತಿರ ಹೋಗೋದಕ್ಕೆ ಏನು ಮಾಡಬೇಕು ಅಂತ ಒಬ್ಬರು ಕೇಳಿದರೂ ಸಾಕು. ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಈಗಷ್ಟೇ ಶುರು ಮಾಡಿದ್ದೇನೆ.