ನೋಡಲು ಹೋಗುವವರ ಸಾಲ

ಹೋದ ತಿಂಗಳು ನನ್ನ ಅಕ್ಕನ ಮಗ ರಜೆಗೆಂದು ಮಸಿನಗುಡಿಗೆ ಬಂದಿದ್ದ. ಅವನು ಧ್ರುವ ಪ್ರದೇಶಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ಹಡಗಿನಲ್ಲಿ ಅಡುಗೆಮನೆಯ ಕೆಲಸಗಾರ. ಸಂಜೆ ವಾಚನಾಲಯದ ಜಗಲಿಯಲ್ಲಿ ಕೂತು ಮೊಬೈಲ್‌ನಲ್ಲಿ ಚಿತ್ರ ತೋರಿಸಿದ. ಎಲ್ಲೆಲ್ಲೂ ಬಿಳಿ; ನಡುವೆ ಒಂದು ಕಪ್ಪು ನೀರಿನ ಗೆರೆ. "ಅದು ನಮ್ಮ ಹಡಗು ಮಾಡಿದ ದಾರಿ ಮಾವ" ಅಂದ.

ಹಡಗು ಹಿಮವನ್ನು ಚಾಕುವಿನ ಹಾಗೆ ಕೊಯ್ಯುತ್ತದೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲವಂತೆ. ಮೂತಿ ಇಳಿಜಾರಾಗಿರುವುದರಿಂದ ಅದು ಹಿಮದ ಹಾಸಿನ ಮೇಲೆ ಏರುತ್ತದೆ. ಆಮೇಲೆ ಅದರ ಭಾರಕ್ಕೇ ಹಿಮ ಮುರಿಯುತ್ತದೆ. ರಷ್ಯಾದ ಒಂದು ಅಣುಶಕ್ತಿಯ ಹಡಗು ಹೀಗೇ ನೂರಕ್ಕೂ ಹೆಚ್ಚು ಪ್ರವಾಸಿಗರನ್ನು ಉತ್ತರ ಧ್ರುವದ ತನಕ ಒಯ್ದಿದೆ. ದಾರಿಯಲ್ಲಿ ಫ್ರಾಂಜ್ ಜೋಸೆಫ್ ದ್ವೀಪಗಳು ಸಿಗುತ್ತವೆ. 190ಕ್ಕೂ ಹೆಚ್ಚು ದ್ವೀಪ. ತಲೆಮಾರುಗಳಿಂದ ಬಾಳಿದ ಊರಿನವರು ಅನ್ನುವವರು ಯಾರೂ ಇಲ್ಲ. 1873ರಲ್ಲಿ ಕಂಡವರು ತಮ್ಮ ಚಕ್ರವರ್ತಿಯ ಹೆಸರಿಟ್ಟರು. ಆ ಚಕ್ರವರ್ತಿ ಒಮ್ಮೆಯೂ ಅಲ್ಲಿಗೆ ಹೋಗಲಿಲ್ಲ.

ಯಾರೂ ಕರೆಯದ ಜಾಗಕ್ಕೆ ಬರೀ ನೋಡಲಿಕ್ಕೆ ಹೋಗುವುದು ಸರಿಯೇ? ಈ ಪ್ರಶ್ನೆ ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ಕೇಳುವ ಹಕ್ಕು ನನಗೆಷ್ಟಿದೆಯೋ ಗೊತ್ತಿಲ್ಲ. ಯಾಕೆಂದರೆ ಹದಿನೆಂಟು ವರ್ಷ ನಾನೂ ಜೀಪಿನಲ್ಲಿ ಜನರನ್ನು ಕಾಡು ತೋರಿಸಲು ಕರೆದೊಯ್ದವನೇ. ನನ್ನ ಮಕ್ಕಳ ಶಾಲೆಯ ಫೀಸು ಆ ದುಡ್ಡಿನದೇ.

ಹೋಗುವವರು ಒಂದು ಮಾತು ಹೇಳುತ್ತಾರೆ: ಕಣ್ಣಾರೆ ಕಂಡರೆ ಪ್ರೀತಿ ಹುಟ್ಟುತ್ತದೆ, ಪ್ರೀತಿ ಹುಟ್ಟಿದರೆ ಕಾಪಾಡುತ್ತೇವೆ. ಇದು ಪೂರಾ ಸುಳ್ಳಲ್ಲ. ಒಮ್ಮೆ ಜೀಪಿನಲ್ಲಿ ಬಂದ ಒಬ್ಬಳು ಹುಡುಗಿ ಆನೆ ಹಿಂಡು ಕಂಡೊಡನೆ, "ಅಂಕಲ್, ಎಂಜಿನ್ ಆಫ್ ಮಾಡಿ, ಅವುಕ್ಕೆ ತೊಂದರೆ ಆಗ್ತದೆ" ಅಂದಿದ್ದಳು. ಆದರೆ ಅಂಥವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಮಿಕ್ಕವರು ಆನೆ ಕಂಡರೂ "ಹುಲಿ ಇಲ್ವಾ?" ಅಂತ ಕೇಳಿದವರೇ. ಕಂಡದ್ದೆಲ್ಲ ಪ್ರೀತಿಯಾಗುವುದಿಲ್ಲ, ಬಹಳ ಸಲ ಇನ್ನೊಂದನ್ನು ನೋಡುವ ಆಸೆಯಾಗುತ್ತದೆ.

ಎರಡು ಸಾವುಗಳನ್ನು ಹೇಳುತ್ತೇನೆ. 2018ರ ಜುಲೈಯಲ್ಲಿ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ಉತ್ತರ ತುದಿಯಲ್ಲಿ ಒಂದು ಪ್ರವಾಸಿ ಹಡಗು ನಿಂತಿತು. ಪ್ರವಾಸಿಗರು ಇಳಿಯುವ ಮುಂಚೆ ದಡ ಪರೀಕ್ಷಿಸಲು ಕಾವಲುಗಾರರು ಹೋದರು. ಹಿಮಕರಡಿ ಒಬ್ಬರ ಮೇಲೆ ಎರಗಿತು. ಜೊತೆಯವರು ಗುಂಡು ಹಾರಿಸಿದರು, ಕರಡಿ ಸತ್ತಿತು. ಇನ್ನೊಂದು ನಮ್ಮೂರಿನದೇ. 2021ರ ಜನವರಿಯಲ್ಲಿ ಮಸಿನಗುಡಿಯ ಒಂದು ವಸತಿಗೃಹದ ಬಳಿ ಬಂದ ಆನೆಯ ಮೇಲೆ ಉರಿಯುವ ಟೈರ್ ಎಸೆದರು. ಮೊದಲೇ ಗಾಯಗೊಂಡಿದ್ದ ಆ ಆನೆ ತೆಪ್ಪಕಾಡಿಗೆ ಸಾಗಿಸುವಾಗ ಸತ್ತಿತು.

ಇವೆರಡೂ ಒಂದೇ ಅಲ್ಲ. ಟೈರ್ ಎಸೆದದ್ದು ಕ್ರೌರ್ಯ. ಅದಕ್ಕೆ ಸಮಜಾಯಿಷಿ ಇಲ್ಲ. ಕಾವಲುಗಾರರು ಮಾಡಿದ್ದು ಜೊತೆಯವನ ಜೀವ ಉಳಿಸುವ ಕೆಲಸ. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಇದೇ ನನ್ನನ್ನು ಹೆಚ್ಚು ಕಾಡುತ್ತದೆ. ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಆದರೂ ಕರಡಿ ಸತ್ತಿತು. ನಾವು ನೋಡಲು ಹೋದರೆ ಏನಾದರೂ ತಪ್ಪಾಗಬಹುದು. ಆದಾಗ ಬೆಲೆ ತೆರುವವರು ನಾವಲ್ಲ. ಟಿಕೆಟ್ಟಿಗೆ ನಾವು ಕೊಡುವುದು ಒಂದು ಪಾಲು ಮಾತ್ರ. ಇನ್ನೊಂದು ಪಾಲು ಸಾಲವಾಗಿ ಅಲ್ಲೇ ಉಳಿಯುತ್ತದೆ.

ಹಾಗಾದರೆ ಎಲ್ಲ ಮುಚ್ಚಿಬಿಡೋಣವೇ? ಅದೂ ಸುಲಭದ ಮಾತು. ಬೇರೆ ಕಡೆ ಸಂಬಳ ಬರುವವರು ಹೇಳುವ ಮಾತು. ಹಡಗು ನಿಂತರೆ ನನ್ನ ಅಕ್ಕನ ಮನೆಯ ಒಲೆ ಉರಿಯುವುದಿಲ್ಲ. ಹೋಗಲೇಬೇಕಾದ ಕೆಲಸಗಳೂ ಇವೆ. ಅದೇ ಸ್ವಾಲ್ಬಾರ್ಡಿನಲ್ಲಿ ನಮ್ಮ ದೇಶದ 'ಹಿಮಾದ್ರಿ' ಸಂಶೋಧನಾ ಕೇಂದ್ರ 2008ರಿಂದ ಇದೆ. ಹಿಮ ಎಷ್ಟು ಕರಗುತ್ತಿದೆ ಅಂತ ಯಾರಾದರೂ ಅಳೆಯಬೇಕಲ್ಲ!

ನಡುದಾರಿ ಅಂದರೆ ಕಟ್ಟಳೆ. ಅಂಟಾರ್ಕ್ಟಿಕಾದಲ್ಲಿ ಒಂದು ಜಾಗದಲ್ಲಿ ಒಮ್ಮೆಗೆ 100ಕ್ಕಿಂತ ಹೆಚ್ಚು ಪ್ರವಾಸಿಗರು ಇಳಿಯುವಂತಿಲ್ಲ. ಸ್ವಾಲ್ಬಾರ್ಡಿನಲ್ಲಿ 2025ರಿಂದ ಹಿಮಕರಡಿಗೆ 300 ಮೀಟರಿಗಿಂತ ಹತ್ತಿರ ಹೋಗುವಂತಿಲ್ಲ. ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್. ನಮ್ಮ ನೀಲಗಿರಿಗೂ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬಂತು. ಆವಾಗ ನಾವೆಲ್ಲ ಗೊಣಗಿದೆವು. ನಾನು ಸ್ವಲ್ಪ ಜೋರಾಗೇ ಗೊಣಗಿದೆ.

ಆದರೆ ಕಟ್ಟಳೆ ಕಾಯುವವರು ಇಲ್ಲದ ಜಾಗದಲ್ಲಿ ಏನು ಮಾಡುತ್ತೇವೆ? ಒಂದು ಸಂಜೆ ಮರಿಯೊಂದಿಗೆ ಹೆಣ್ಣಾನೆ ರಸ್ತೆಗೆ ಅಡ್ಡ ನಿಂತಿತ್ತು. ತಿರುಗಿ ಹೋಗಬೇಕಿತ್ತು. ಹಿಂದೆ ಕೂತವರು "ಇನ್ನೂ ಸ್ವಲ್ಪ ಹತ್ತಿರ" ಅಂದರು. ನಾನು ಮುಂದೆ ಬಿಟ್ಟೆ, ಹಾರ್ನ್ ಹೊಡೆದೆ. ಹೆದರಿದ ಮರಿ ತಾಯಿಯ ಹೊಟ್ಟೆಯಡಿ ನುಗ್ಗಿತು. ತಾಯಿ ನಮ್ಮ ಕಡೆ ಎರಡು ಹೆಜ್ಜೆ ಬಂದು ನಿಂತಿತು. ಏನೂ ಆಗಲಿಲ್ಲ. ಐನೂರು ರೂಪಾಯಿ ಭಕ್ಷೀಸು ಸಿಕ್ಕಿತು. ಆ ನೋಟು ಖರ್ಚಾಗಿ ಎಷ್ಟೋ ವರ್ಷವಾಯಿತು, ಆ ಮರಿ ನುಗ್ಗಿದ್ದು ಮಾತ್ರ ಮರೆತಿಲ್ಲ.

ಇದರಿಂದ ನನಗೆ ತಿಳಿದದ್ದು ಇಷ್ಟೇ. ನೋಡದೆ ವಾಪಸ್ ಬರಲು ಸಿದ್ಧನಿರುವವನಿಗೆ ಮಾತ್ರ ನೋಡಲು ಹೋಗುವ ಹಕ್ಕಿದೆ. ದುಡ್ಡು ಕೊಟ್ಟಿದ್ದೇನೆ, ನೋಡಿಯೇ ತೀರುತ್ತೇನೆ ಅನ್ನುವವನು ಅತಿಥಿಯಲ್ಲ.

ಇದನ್ನು ಅಳಿಯನಿಗೆ ಹೇಳಿದಾಗ ಅವನು ಒಂದು ಸಂಗತಿ ನೆನೆಸಿಕೊಂಡ. ಒಂದು ದ್ವೀಪದ ದಡದಲ್ಲಿ ಕರಡಿ ಮಲಗಿತ್ತಂತೆ. ಕ್ಯಾಪ್ಟನ್ ಯಾರನ್ನೂ ಇಳಿಸದೆ ಹಡಗು ತಿರುಗಿಸಿದರಂತೆ. ಅವತ್ತು ರಾತ್ರಿ ಊಟಕ್ಕೆ ಬಂದ ಕೆಲವರು ಸಿಟ್ಟಿನಲ್ಲಿ ತಟ್ಟೆ ಮುಟ್ಟಲಿಲ್ಲ. "ಮಾಡಿದ ಅಡುಗೆ ಎಲ್ಲ ಉಳೀತು ಮಾವ" ಅಂದ. "ಕರಡಿ?" ಅಂತ ಕೇಳಿದೆ. "ಅದು ತಲೇನೂ ಎತ್ತಲಿಲ್ಲ" ಅಂದ.

ಮೇಷ್ಟ್ರುಗಳೇ, ಮಕ್ಕಳನ್ನು ಪ್ರವಾಸ ಕರೆದೊಯ್ಯುವಾಗ ಈ ಅಡುಗೆಯವನ ಕತೆಯನ್ನೂ ಒಂದು ಸಲ ಹೇಳಿ.