ದಾಸೋಹದ ಕೋಡ್

ಭಾನುವಾರ ದೆಹಲಿಯ ಬಂಗ್ಲಾ ಸಾಹಿಬ್ ಗುರುದ್ವಾರದ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸಲು ಕೂರುತ್ತೇನೆ. ಹಿಟ್ಟು ತಂದವರು ಯಾರು, ಉಣ್ಣುವವರು ಯಾರು ಎಂದು ಅಲ್ಲಿ ಕೇಳುವವರಿಲ್ಲ. ಧಾರವಾಡದ ಕಡೆಯವನಾದ ನನಗೆ ಅದು ದಾಸೋಹವೇ. ವಾರವೆಲ್ಲ ನೊಯ್ಡಾದಲ್ಲಿ ಕೋಡ್ ಬರೆಯುವವನಿಗೆ ಅಲ್ಲೇ ಪ್ರಶ್ನೆ ಏಳುತ್ತದೆ: ಬರೆದ ತಂತ್ರಾಂಶ ಯಾರ ಸೊತ್ತು?

ಮೂಲ ಕೋಡನ್ನು ಎಲ್ಲರಿಗೂ ತೆರೆದಿಡುವ ಮುಕ್ತ ತಂತ್ರಾಂಶವನ್ನು ಕಮ್ಯುನಿಸಂ ಎಂದು ಜರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಹೊಲ ಹಂಚಿದರೆ ಒಬ್ಬನ ಪಾಲು ಕರಗುತ್ತದೆ. ಕೋಡ್ ಕೊಟ್ಟವನ ಬಳಿಯೂ ಉಳಿಯುತ್ತದೆ. ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ರೂಪಿಸಿದ ಜಿಪಿಎಲ್ ಪರವಾನಗಿ ಕೃತಿಸ್ವಾಮ್ಯವನ್ನು ಅಳಿಸಲಿಲ್ಲ. ಅದರ ಬಲದಿಂದಲೇ, ತಿದ್ದಿ ಮುಂದಕ್ಕೆ ಕೊಡುವವನು ಮೂಲ ಕೋಡನ್ನೂ ಕೊಡಬೇಕು ಎಂದಿತು. ಮಾರಲು ಅಡ್ಡಿಯಿಲ್ಲ, ಮುಚ್ಚಿಡುವಂತಿಲ್ಲ.

ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯಲ್ಲೇ ಉದಾಹರಣೆಯಿದೆ. ಅಪ್ಪ ಹಳೆಯ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಊರ ಜಾತ್ರೆಯ ಕಥೆ ಇಂದು ನನ್ನ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಆ ಫಾಂಟ್ ಎಷ್ಟು ಹುಡುಕಿದರೂ ಸಿಗಲಿಲ್ಲ. ದುಡಿದವರಿಗೆ ಸಂಬಳ ಬೇಕು, ನನಗೂ ಬೇಕು. ಆದರೆ ಲಿಪಿಗೆ ಬೀಗ ಹಾಕುವುದು ಅಧರ್ಮ.

ಕೇಂದ್ರ ಸರ್ಕಾರ 2015ರಲ್ಲೇ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ಪ್ರಕಟಿಸಿದೆ. ಆದರೆ ಸರ್ಕಾರವನ್ನೇ ಕಾಯಬೇಕಿಲ್ಲ: ನಿಮ್ಮ ಮನೆಯಲ್ಲೂ ಹಳೆಯ ಕನ್ನಡ ಕಡತಗಳಿದ್ದರೆ, ಫಾಂಟ್ ಕೈಯಲ್ಲಿರುವಾಗಲೇ ಒಂದೇ ಫಾಂಟಿಗೆ ಕಟ್ಟುಬೀಳದ ಯೂನಿಕೋಡಿಗೆ ಬದಲಿಸಿಟ್ಟುಕೊಳ್ಳಿ.