ಕ್ಯಾಮೆರಾ ಯಾರ ಕೈಯಲ್ಲಿತ್ತು?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ನಮ್ಮ ಹಿರಿಯರು. ಎರಡನೇ ಮಹಾಯುದ್ಧದ ಕಾಲದ ಯುರೋಪಿನ ಹಳೇ ರೀಲುಗಳನ್ನು ನೋಡುವಾಗ ಈ ಮಾತನ್ನು ಕಣ್ಣೆದುರಿಗೇ ಇಟ್ಟುಕೊಂಡಿರಬೇಕು. ಪರದೆಯ ಮೇಲೆ ಕಂಡದ್ದನ್ನು ನಾವು ಕಂಡೆವು ಅಂದುಕೊಳ್ಳುತ್ತೇವೆ. ಅದು ಇನ್ನೊಬ್ಬ ಕಂಡದ್ದು. ಅವನು ಎಲ್ಲಿ ನಿಂತಿದ್ದನೋ ಅಲ್ಲೇ ನಮ್ಮನ್ನೂ ನಿಲ್ಲಿಸುತ್ತಾನೆ. ಅವನು ಕೊಲೆಗಾರನ ಪಕ್ಕ ನಿಂತಿದ್ದರೆ? ನಾವೂ ಅಲ್ಲೇ ನಿಂತ ಹಾಗಾಯಿತು.

1942ರ ಮೇ ತಿಂಗಳು. ಪೋಲೆಂಡಿನ ವಾರ್ಸಾ ನಗರ. ನಾಜಿಗಳು ಅಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ಗೋಡೆಯೊಳಗೆ ತುಂಬಿದ್ದರು. ಘೆಟ್ಟೋ ಅನ್ನುತ್ತಾರೆ ಅದನ್ನು. ನಮಗೆ ಅರ್ಥವಾಗೋ ಹಾಗೆ ಹೇಳಬೇಕೆಂದರೆ, ಗೋಡೆ ಎಬ್ಬಿಸಿ ಕಾವಲು ಹಾಕಿದ ಕೇರಿ. ಹಸಿವಿನಿಂದ, ಟೈಫಸ್ ಜ್ವರದಿಂದ ಜನ ಬೀದಿಯಲ್ಲೇ ಸಾಯುತ್ತಿದ್ದರು. ಅಂಥ ಕಡೆ ಜರ್ಮನ್ ಸಿನಿಮಾ ತಂಡ ಬಂತು. ಒಳ್ಳೆಯ ಬಟ್ಟೆಯವರನ್ನು ಹುಡುಕಿ ಹೋಟೆಲಿನ ಮೇಜಿಗೆ ಕೂರಿಸಿತು. ಎದುರಿಗೆ ಊಟ ಬಡಿಸಿತು. ಬಾಗಿಲ ಹೊರಗೆ ಚಿಂದಿ ಉಟ್ಟ ಮಕ್ಕಳು. ಬೀದಿಯಲ್ಲಿ ಹೆಣ ಬಿದ್ದಿದೆ. ತಿರುಗಿ ನೋಡದೆ ಅದನ್ನು ದಾಟಿ ಹೋಗಬೇಕು ಅಂತ ಅಪ್ಪಣೆ. ಸರಿಯಾಗಲಿಲ್ಲವೋ, ಮತ್ತೆ ನಡೆ. ಈ ಜನಕ್ಕೆ ತಮ್ಮವರ ಮೇಲೇ ಕರುಣೆಯಿಲ್ಲ ಅಂತ ಲೋಕಕ್ಕೆ ತೋರಿಸಬೇಕಿತ್ತು. ಉಪವಾಸ ಕೆಡವಿದವನೇ ಉಪವಾಸದ ಹೊಣೆಯನ್ನು ಉಪವಾಸ ಇದ್ದವನ ತಲೆಗೆ ಕಟ್ಟೋದು ಹೀಗೆ.

ಆ ಸಿನಿಮಾ ಮುಗಿಯಲೇ ಇಲ್ಲ. ಸುಮಾರು ಒಂದು ಗಂಟೆಯ, ದನಿಯಿಲ್ಲದ ರೀಲುಗಳು ಯುದ್ಧ ಮುಗಿದ ಮೇಲೆ ಪೂರ್ವ ಜರ್ಮನಿಯ ಸಂಗ್ರಹದಲ್ಲಿ ಸಿಕ್ಕವು. ಎಷ್ಟೋ ಸಾಕ್ಷ್ಯಚಿತ್ರಗಳು ಅದರಿಂದ ತುಣುಕು ಕಿತ್ತುಕೊಂಡು, ಘೆಟ್ಟೋ ಇದ್ದದ್ದೇ ಹೀಗೆ ಅಂತ ತೋರಿಸಿದವು. 1998ರಲ್ಲಿ ಇನ್ನೊಂದು ರೀಲು ಬೆಳಕಿಗೆ ಬಂತು, ಬೇಡ ಅಂತ ಕತ್ತರಿಸಿಟ್ಟಿದ್ದು. ಅದರಲ್ಲಿ ಒಂದೇ ದೃಶ್ಯ ಮತ್ತೆ ಮತ್ತೆ ಬರುತ್ತದೆ. ಕ್ಯಾಮೆರಾ ಹಿಡಿದವರೇ ಒಂದೊಂದು ಸಲ ಚಿತ್ರದೊಳಗೆ ಸಿಕ್ಕಿಬೀಳುತ್ತಾರೆ. ಇಸ್ರೇಲಿನ ನಿರ್ದೇಶಕಿ ಯಾಯೆಲ್ ಹೆರ್ಸೋನ್ಸ್ಕಿ 2010ರಲ್ಲಿ ಇದನ್ನೆಲ್ಲ ಒಂದು ಸಾಕ್ಷ್ಯಚಿತ್ರದಲ್ಲಿ ಬಿಚ್ಚಿಟ್ಟರು. ಘೆಟ್ಟೋದಿಂದ ಬದುಕಿ ಉಳಿದ ಮುದುಕರನ್ನು ಕರೆದು, ಆ ರೀಲುಗಳನ್ನು ತೋರಿಸಿ, ಅವರ ಬಾಯಿಂದಲೇ ಕೇಳಿದರು.

ಹಾಗಾದರೆ ರೀಲು ಪೂರ್ತಿ ಸುಳ್ಳೇ? ಅಲ್ಲ. ಊಟದ ಮೇಜು ಸುಳ್ಳು. ಹಸಿವು ಸುಳ್ಳಲ್ಲ. ಯಾವುದು ಯಾವುದು ಅಂತ ಬೇರ್ಪಡಿಸಿಕೊಟ್ಟವರು ಗೋಡೆಯ ಒಳಗಿದ್ದವರೇ. ಯಹೂದಿ ಮಂಡಳಿಯ ಮುಖ್ಯಸ್ಥ ಆಡಂ ಚೆರ್ನಿಯಾಕೋವ್ ಈ ಚಿತ್ರೀಕರಣದ ಬಗ್ಗೆ ದಿನಚರಿಯಲ್ಲಿ ಬರೆದಿಟ್ಟ. 1942ರ ಜುಲೈ 22ಕ್ಕೆ ಟ್ರೆಬ್ಲಿಂಕಾದ ಕೊಲೆಶಿಬಿರಕ್ಕೆ ಜನರನ್ನು ಸಾಗಿಸೋದು ಶುರುವಾಯಿತು. ಮಾರನೇ ದಿನ ಅವನು ಆತ್ಮಹತ್ಯೆ ಮಾಡಿಕೊಂಡ. ಇನ್ನೊಂದು ಕಡೆ ಇತಿಹಾಸಕಾರ ಇಮಾನುಯೆಲ್ ರಿಂಗೆಲ್‌ಬ್ಲುಂ ಮತ್ತು ಸಂಗಾತಿಗಳು ಗುಟ್ಟಾಗಿ ಎಲ್ಲವನ್ನೂ ಕೂಡಿಡುತ್ತಿದ್ದರು: ಪತ್ರ, ವರದಿ, ಮಕ್ಕಳು ಬರೆದ ಪ್ರಬಂಧ, ಗೋಡೆಗೆ ಅಂಟಿಸಿದ ಹುಕುಂ. ತಗಡಿನ ಪೆಟ್ಟಿಗೆಯಲ್ಲಿ, ಹಾಲಿನ ಕ್ಯಾನಿನಲ್ಲಿ ತುಂಬಿ ನೆಲದಲ್ಲಿ ಹೂತರು. ಒಂದು ಪಾಲು 1946ರಲ್ಲಿ, ಇನ್ನೊಂದು 1950ರಲ್ಲಿ ಸಿಕ್ಕಿತು. ಕೊಲ್ಲುವವನ ಹತ್ತಿರ ಕ್ಯಾಮೆರಾ ಇತ್ತು, ಇವರ ಹತ್ತಿರ ಪೆನ್ಸಿಲು ಇತ್ತು. ಇವತ್ತು ಕ್ಯಾಮೆರಾದ ಸುಳ್ಳನ್ನು ಹಿಡಿದುಕೊಡುತ್ತಿರುವುದು ಪೆನ್ಸಿಲು.

ಇನ್ನೊಂದು ರೀಲು ನೋಡಿ. 1944, ಹಾಲೆಂಡಿನ ವೆಸ್ಟರ್‌ಬೋರ್ಕ್ ಶಿಬಿರ. ಚಿತ್ರ ತೆಗೆಯಲು ಅಪ್ಪಣೆ ಕೊಟ್ಟವನು ನಾಜಿ ಕಮಾಂಡೆಂಟ್. ತೆಗೆದವನು ರುಡಾಲ್ಫ್ ಬ್ರೆಸ್ಲಾವರ್ ಅನ್ನೋ ಯಹೂದಿ ಕೈದಿ. ಕೈ ಒಬ್ಬನದು, ಅಪ್ಪಣೆ ಇನ್ನೊಬ್ಬನದು. ಮೇ 19ರಂದು ಹೊರಟ ರೈಲನ್ನೂ ಅವನು ತೆಗೆದ. ಸಾಮಾನಿನ ಡಬ್ಬಿಯ ಬಾಗಿಲ ಸಂದಿನಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡ ಒಬ್ಬ ಹುಡುಗಿ. ಏಳು ಸೆಕೆಂಡು ನೋಡುತ್ತಾಳೆ, ಅಷ್ಟೇ. ಆ ಕೈದಿಯನ್ನೂ ಮುಂದೆ ಆಶ್‌ವಿಟ್ಜ್‌ಗೆ ಸಾಗಿಸಿದರು. ಅವನೂ ಬದುಕಿ ಬರಲಿಲ್ಲ.

ಐವತ್ತು ವರ್ಷ ಆ ಮುಖ ಪುಸ್ತಕಗಳಲ್ಲಿ, ಸಿನಿಮಾಗಳಲ್ಲಿ ಓಡಾಡಿತು. 'ಯಹೂದಿ ಹುಡುಗಿ' ಅಂತ ಲೋಕ ಮರುಗಿತು. ಹೆಸರು ಯಾರೂ ಕೇಳಲಿಲ್ಲ. 1994ರಲ್ಲಿ ಆಡ್ ವಾಗೆನಾರ್ ಅನ್ನೋ ಡಚ್ ಪತ್ರಕರ್ತ ಬೆನ್ನುಹತ್ತಿ ಹುಡುಕಿದ. ಅದೇ ಡಬ್ಬಿಯಲ್ಲಿ ಹೋಗಿ ಬದುಕಿ ಬಂದಿದ್ದ ಒಬ್ಬ ಹೆಂಗಸು ಗುರುತು ಹೇಳಿದಳು. ಹುಡುಗಿ ಸೆಟ್ಟೆಲಾ ಸ್ಟೈನ್‌ಬಾಖ್. ವಯಸ್ಸು ಒಂಬತ್ತು. ಯಹೂದಿ ಅಲ್ಲ, ಸಿಂತಿ. ಯುರೋಪು 'ಜಿಪ್ಸಿ' ಅಂತ ಹಂಗಿಸಿ ಊರಾಚೆ ಇಟ್ಟ ಜನ. ಸುಮಾರು ಸಾವಿರ ವರ್ಷದ ಹಿಂದೆ ನಮ್ಮ ಉಪಖಂಡದಿಂದಲೇ ಹೊರಟವರು. ನೀರಿಗೆ ಅವರ ಮಾತಲ್ಲಿ ಇವತ್ತಿಗೂ 'ಪಾನಿ'. ಅವಳ ತಲೆ ಬೋಳಿಸಿದ್ದರು; ಬಟ್ಟೆ ಸುತ್ತಿದ್ದು ಅದಕ್ಕೆ. ಮೂರು ತಿಂಗಳೊಳಗೆ ಅವಳನ್ನೂ ತಾಯಿಯನ್ನೂ ಒಡಹುಟ್ಟಿದವರನ್ನೂ ಆಶ್‌ವಿಟ್ಜ್‌ನಲ್ಲಿ ಕೊಂದರು. 1956ರಲ್ಲಿ ಪಶ್ಚಿಮ ಜರ್ಮನಿಯ ವರಿಷ್ಠ ನ್ಯಾಯಾಲಯ, 1943ಕ್ಕಿಂತ ಮೊದಲು ಈ ಜನಕ್ಕಾದ ಹಿಂಸೆ ಜನಾಂಗದ ಕಾರಣಕ್ಕಲ್ಲ, ಇವರ ನಡತೆಯ ಕಾರಣಕ್ಕೆ ಅಂತ ತೀರ್ಪು ಕೊಟ್ಟಿತು. ಅದು ನರಮೇಧ ಅಂತ ಆ ಸರ್ಕಾರ ಒಪ್ಪಿದ್ದು 1982ರಲ್ಲಿ. ಲಕ್ಷಗಟ್ಟಲೆ ಜನ ಸತ್ತಿದ್ದರು. ಸತ್ತವರಲ್ಲೂ ಲೆಕ್ಕಕ್ಕೆ ಬಾರದವರು ಇರುತ್ತಾರೆ, ಗೆಳೆಯರೇ.

ಈ ರೀಲುಗಳನ್ನು ನೋಡೋದು ನ್ಯಾಯವೇ? ಅದರೊಳಗಿರುವ ಯಾರೂ ಒಪ್ಪಿ ನಿಂತವರಲ್ಲ. ನೋಡಲೇಬಾರದು ಅನ್ನುವವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಕಣ್ಣು ಮುಚ್ಚಿಕೊಂಡರೆ ಗೆಲ್ಲುವವನು ಯಾರು? ಈ ಜನ ಇದ್ದರೆಂಬ ಗುರುತೇ ಅಳಿಯಲಿ ಅಂದವನು. ಬರೀ ಮರುಗಿ ಎದ್ದು ಹೋದರೂ ಅವನಿಗೇನೂ ನಷ್ಟವಿಲ್ಲ. ಹೆಸರಿಲ್ಲದ ಮುಖಕ್ಕೆ ಮರುಗೋದು ಬಲು ಸುಲಭ. ಅದು ನಮ್ಮಿಂದ ಏನನ್ನೂ ಕೇಳೋದಿಲ್ಲ.

ನೋಡಬೇಕು. ಆದರೆ ಗೋಡೆಯೊಳಗಿದ್ದವರ ಮಾತನ್ನು ಪಕ್ಕದಲ್ಲಿಟ್ಟುಕೊಂಡು ನೋಡಬೇಕು. ಶಾಲೆಯಲ್ಲಿ ಮಕ್ಕಳಿಗೆ ಇಂಥ ಚಿತ್ರ ತೋರಿಸುವ ಮೇಷ್ಟ್ರುಗಳು ದೀಪ ಆರಿಸುವ ಮೊದಲು ಮೂರು ಪ್ರಶ್ನೆ ಬೋರ್ಡಿನ ಮೇಲೆ ಬರೆಯಲಿ. ಕ್ಯಾಮೆರಾ ಯಾರ ಕೈಯಲ್ಲಿತ್ತು? ಅಪ್ಪಣೆ ಯಾರದು? ಇವಳ ಹೆಸರೇನು? ಮೂರನೆಯದಕ್ಕೆ ಉತ್ತರ ಸಿಗುವ ತನಕ ಆ ಚಿತ್ರವನ್ನು ನೋಡಿ ಮುಗಿಸಿದೆವು ಅಂತ ಯಾರೂ ಹೇಳದಿರಲಿ.